ತುಟಿ ಕಾಣದ ದಿನಗಳು

ನಾನು ಲೇಖಕನಲ್ಲ. ಕೊಲ್ಹಾಪುರದ ಒಂದು ಬ್ಯಾಂಕಿನ ಶಾಖೆಯಲ್ಲಿ ಇಪ್ಪತ್ತು ವರ್ಷಗಳಿಂದ ಗುಮಾಸ್ತನಾಗಿರುವವನು. ಶಿವಾಜಿ ವಿಶ್ವವಿದ್ಯಾಲಯದ ಬಿ.ಎ. ಪದವಿಪತ್ರವೊಂದು ಗೋಡೆಯ ಮೇಲೆ ತೂಗುತ್ತಿದೆ ಎನ್ನುವುದನ್ನು ಬಿಟ್ಟರೆ ಬರೆಯಲು ಬೇರೆ ಅರ್ಹತೆ ನನಗಿಲ್ಲ. ನಮ್ಮ ಶಾಖೆಯ ಎದುರಿಗೆ ಮಂಜೇಶ್ವರದ ಕಡೆಯವರೊಬ್ಬರು ಹೋಟೆಲು ನಡೆಸುತ್ತಾರೆ. ಅವರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ವರ್ಷಕ್ಕೊಮ್ಮೆ ಈ ಸಂಚಿಕೆ ಬಂದು ಕೂರುತ್ತದೆ. ಮಲಯಾಳದ ಪುಟಗಳನ್ನು ಚಿತ್ರ ನೋಡಿದಂತೆ ನೋಡಿ, ಕನ್ನಡದ ಪುಟಗಳನ್ನು ಒಂದಕ್ಷರ ಬಿಡದೆ ಓದುತ್ತೇನೆ. ಈ ಸಲ ಅವರು, "ನೀವೂ ಒಂದು ಬರೆದುಕೊಡಿ ಮಾರಾಯ್ರೇ, ನಿಮ್ಮದೂ ಗಡಿಯೇ ಅಲ್ಲವೋ?" ಎಂದರು. ಏನು ಬರೆಯಲಿ ಎಂದು ಯೋಚಿಸಿದಾಗ, ನಾಲ್ಕು ವರ್ಷಗಳಿಂದ ಯಾರಿಗೂ ಹೇಳದೆ ಉಳಿದಿರುವ ಒಂದು ಮಾತೇ ಮುಂದೆ ಬಂದು ನಿಂತಿತು. ಅದು ಮುಖಕ್ಕೆ ಕಟ್ಟುವ ಒಂದು ತುಂಡು ಬಟ್ಟೆಯ ವಿಷಯ.

ಆ ಬಟ್ಟೆಗೆ ನಾವು ಎಷ್ಟು ಹೆಸರಿಟ್ಟೆವು! ಪತ್ರಿಕೆಯವರು ಮುಖಗವಸು ಎಂದರು. ಇಲ್ಲಿಯ ಮರಾಠಿಯಲ್ಲಿ ಮುಖಪಟ್ಟಿ. ನಿಮ್ಮ ಕಡೆಯ ಮಲಯಾಳದಲ್ಲಿ ಮುಖಾವರಣಂ ಎನ್ನುತ್ತಾರೆಂದು ಹೋಟೆಲಿನವರು ಹೇಳಿದರು. ಗಡಹಿಂಗ್ಲಜ ತಾಲೂಕಿನ ನಮ್ಮ ಹಳ್ಳಿಯಲ್ಲಿ ಮಾತ್ರ ಮುದುಕರು ಅದಕ್ಕೆ ಬಾಯಿಕುಕ್ಕೆ ಎಂದುಬಿಟ್ಟರು. ಪೈರಿಗೆ ಬಾಯಿ ಹಾಕಬಾರದೆಂದು ಎತ್ತಿಗೆ ಕಟ್ಟುವ ಕುಕ್ಕೆ. ಹಳ್ಳಿಯವರ ನಗೆಯಲ್ಲಿ ಸ್ವಲ್ಪ ಸಿಟ್ಟೂ ಇತ್ತು. ಯಾರೋ ನಮ್ಮನ್ನು ಎತ್ತುಗಳಂತೆ ಕಟ್ಟಿಹಾಕಿದರು ಎನ್ನುವ ಸಿಟ್ಟು ಅದು.

ನಮ್ಮ ಶಾಖೆಯ ಬಾಗಿಲಲ್ಲಿ ಮೊದಲಿನಿಂದಲೂ ಒಂದು ಫಲಕವಿತ್ತು. ಹೆಲ್ಮೆಟ್ ಮತ್ತು ಮುಖಕ್ಕೆ ಸುತ್ತಿದ ಬಟ್ಟೆಯನ್ನು ತೆಗೆದು ಒಳಗೆ ಬರಬೇಕು ಎಂದು ಅದರ ಆಜ್ಞೆ. ಬಿಸಿಲಿಗೆ ಓಢಣಿ ಸುತ್ತಿಕೊಂಡು ಸ್ಕೂಟರಿನ ಮೇಲೆ ಬರುವ ಹುಡುಗಿಯರಿಗೂ, ಕಬ್ಬಿನ ಹೊಲದಿಂದ ಟವೆಲ್ ಕಟ್ಟಿಕೊಂಡೇ ಬರುವ ರೈತರಿಗೂ ಕಾವಲುಗಾರ ಅದನ್ನು ತೋರಿಸುತ್ತಿದ್ದ. 2020ರ ಏಪ್ರಿಲ್ ತಿಂಗಳಲ್ಲಿ ಅದೇ ಬಾಗಿಲಿಗೆ, ಮಾಸ್ಕ್ ಇಲ್ಲದವರಿಗೆ ಪ್ರವೇಶವಿಲ್ಲ ಎನ್ನುವ ಹೊಸ ಕಾಗದ ಅಂಟಿಸಿದೆವು. ಹಳೆಯ ಫಲಕವನ್ನು ತೆಗೆಯುವುದು ಯಾರಿಗೂ ನೆನಪಾಗಲಿಲ್ಲ. ಕೆಲವು ದಿನ ಎರಡೂ ಆಜ್ಞೆಗಳು ಅಕ್ಕಪಕ್ಕದಲ್ಲೇ ನೇತಾಡಿದವು. ಒಬ್ಬ ಮುದುಕ ಎರಡನ್ನೂ ಓದಿ, "ಸಾಹೇಬ್ರ, ಬಿಚ್ಚಲ್ಯೋ ಕಟ್ಟಲ್ಯೋ?" ಎಂದು ಕೇಳಿದ. ಎಲ್ಲರೂ ನಕ್ಕೆವು. ನಕ್ಕದ್ದು ಒಬ್ಬರಿಗೊಬ್ಬರಿಗೆ ಕಾಣಲಿಲ್ಲ.

ಆ ತಿಂಗಳೇ ಹೆಂಗಸರ ಜನಧನ ಖಾತೆಗಳಿಗೆ ಸರಕಾರ ತಿಂಗಳಿಗೆ 500 ರೂಪಾಯಿಯಂತೆ ಮೂರು ತಿಂಗಳು ಹಣ ಹಾಕಿತು. ಖಾತೆಯ ಕೊನೆಯ ಅಂಕಿಯ ಪ್ರಕಾರ ದಿನ ಹಂಚಿದ್ದರೂ ಸಾಲು ಬೀದಿಯ ತಿರುವಿನ ತನಕ ಬೆಳೆಯುತ್ತಿತ್ತು. ನನ್ನ ಕಿಟಕಿಗೆ ಪಾರದರ್ಶಕ ಹಾಳೆ ಕಟ್ಟಿದ್ದರು. ಆಚೆ ಅವರ ಬಾಯಿಗೆ ಬಟ್ಟೆ, ಈಚೆ ನನ್ನ ಬಾಯಿಗೆ ಬಟ್ಟೆ. ಹೆಸರು ಕೇಳಿದರೆ ಊರು ಹೇಳುವರು, ಊರು ಕೇಳಿದರೆ ಮಗನ ಹೆಸರು ಹೇಳುವರು. ಆಗ ನನಗೊಂದು ಸಂಗತಿ ಹೊಳೆಯಿತು. ಅಚ್ಚ ಮರಾಠಿ ಹೆಂಗಸರಿಗೆ ನನ್ನ ಮಾತು ಅರ್ಧ ಕೇಳಿದರೂ ಸಾಕಾಗುತ್ತಿತ್ತು, ಉಳಿದರ್ಧವನ್ನು ಅವರೇ ತುಂಬಿಕೊಳ್ಳುತ್ತಿದ್ದರು. ಆದರೆ ಗಡಿಯ ಊರುಗಳಿಂದ ಮದುವೆಯಾಗಿ ಬಂದ ಕನ್ನಡದ ಹೆಂಗಸರಿಗೆ ಅದು ಸಾಧ್ಯವಾಗುತ್ತಿರಲಿಲ್ಲ. ತಾಯಿಭಾಷೆಯನ್ನು ಕತ್ತಲೆಯಲ್ಲಿ ಕೇಳಿದರೂ ತಿಳಿಯುತ್ತದೆ. ಕಲಿತ ಭಾಷೆಯನ್ನು ತಿಳಿಯಲು ಆಡುವವರ ಮುಖವೂ ಬೇಕು. ನಿಮ್ಮಲ್ಲಿಯೂ ಸರಕಾರಿ ಕಚೇರಿಯ ಕಿಟಕಿಯೆದುರು ನಿಂತು ಮಲಯಾಳದಲ್ಲಿ ತಡವರಿಸುವ ಕನ್ನಡದ ಹಿರಿಯರಿಗೆ ಆ ದಿನಗಳಲ್ಲಿ ಇದೇ ಅನುಭವ ಆಗಿರಬೇಕು.

ಹಾಗೆಂದು ಮಾಸ್ಕನ್ನು ಹಳಿಯಲು ನಾನು ಕೂತಿಲ್ಲ. ಅದು ಮೊನ್ನೆ ಹುಟ್ಟಿದ ಅಂಧಶ್ರದ್ಧೆಯೂ ಅಲ್ಲ. 1910-11ರ ಚಳಿಗಾಲದಲ್ಲಿ ಚೀನದ ಮಂಚೂರಿಯ ಪ್ರಾಂತದಲ್ಲಿ ಶ್ವಾಸಕೋಶದ ಪ್ಲೇಗು ಹಬ್ಬಿ ಸುಮಾರು 60,000 ಜನ ಸತ್ತರು. ಅಲ್ಲಿಗೆ ಹೋದ ಮಲಯದ ಪೆನಾಂಗಿನವರಾದ ಡಾಕ್ಟರ್ ವು ಲಿಯೆನ್-ತೆಹ್, ಈ ಬೇನೆ ಉಸಿರಿನಿಂದ ಹರಡುತ್ತದೆ ಎಂದು ತಿಳಿದು, ಹತ್ತಿಯನ್ನು ತೆಳುಬಟ್ಟೆಯ ಪದರಗಳ ನಡುವೆ ಇಟ್ಟು ಬಾಯಿಪಟ್ಟಿ ಮಾಡಿಸಿದರು. ಅದನ್ನು ಕಟ್ಟಲು ಒಪ್ಪದೆ ರೋಗಿಗಳ ಹತ್ತಿರ ಹೋದ ಮೆಸ್ನಿ ಎಂಬ ಫ್ರೆಂಚ್ ವೈದ್ಯರು ಕೆಲವೇ ದಿನಗಳಲ್ಲಿ ತೀರಿಕೊಂಡರು. ಮುಂದೆ 1918ರ ಇನ್‌ಫ್ಲೂಯೆಂಜಾದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ ಬೀದಿಯಲ್ಲಿ ಮಾಸ್ಕ್ ಕಡ್ಡಾಯ ಮಾಡಿತು. ಅಲ್ಲಿಯೂ ಜನ ಗೊಣಗಿದರು. ನಿಮ್ಮ ರಾಜ್ಯಕ್ಕೆ ಇದು ಇನ್ನೂ ಹತ್ತಿರದ ನೆನಪು. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಬಂದು ಪೇರಾಂಬ್ರದ ನರ್ಸ್ ಲಿನಿ ರೋಗಿಯ ಸೇವೆ ಮಾಡುತ್ತಲೇ ಪ್ರಾಣ ಕೊಟ್ಟಾಗ, ಮಾಸ್ಕ್ ಏಕೆ ಎಂದು ಕೇರಳದವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಇರಲಿ, ಇನ್ನು ನನ್ನ ಮಾತಿಗೆ ಬರುತ್ತೇನೆ. ಅದಕ್ಕೆ ನಿಮ್ಮನ್ನು ಇಚಲಕರಂಜಿಗೆ ಕರೆದುಕೊಂಡು ಹೋಗಬೇಕು. ಕೊಲ್ಹಾಪುರದಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಊರು. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ಯಂತ್ರಮಗ್ಗ ಹಾಕಿದರು. ಜಹಗೀರುದಾರ ನಾರಾಯಣರಾವ್ ಘೋರ್ಪಡೆಯವರ ಆಶ್ರಯ ಸಿಕ್ಕಿತು. ಇಂದು ಅದನ್ನು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನ್ನುತ್ತಾರೆ. ಓಣಿ ಹೊಕ್ಕರೆ ಸಾಕು, ಎರಡೂ ಬದಿಯಿಂದ ಮಗ್ಗಗಳ ಖಟಖಟ. ಕಾರಖಾನೆಯ ನಿಯಮದ ಪ್ರಕಾರ ಎಂಟು ತಾಸಿನ ಪಾಳಿಗೆ ಸದ್ದು 90 ಡೆಸಿಬೆಲ್ ಮೀರಬಾರದು. ಮಗ್ಗದ ಮನೆಗಳಲ್ಲಿ ಸದ್ದು ಅದನ್ನು ಮೀರುವುದು ದಿನದ ಮಾತು. ಪಾಳಿಯೋ ಹನ್ನೆರಡು ತಾಸಿನದು. ಹತ್ತಾರು ವರ್ಷ ಅಲ್ಲಿ ನಿಂತವರ ಕಿವಿ ಮೆಲ್ಲಗೆ ಮುಚ್ಚುತ್ತಾ ಬರುತ್ತದೆ.

ನನ್ನ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಮದುವೆಯಾಗಿ ಸೇರಿದ್ದು ಆ ಊರಿಗೆ. ಅಕ್ಕತಂಗಿಯರ ತವರು ಸಂಕೇಶ್ವರದ ಬಳಿ. ತಂಗಿ ಗಡಹಿಂಗ್ಲಜ ತಾಲೂಕಿನ ಹಿರಣ್ಯಕೇಶಿ ದಂಡೆಯ ಹಳ್ಳಿಗೆ ಬಂದಳು, ಅಕ್ಕ ಮಗ್ಗಗಳ ಊರಿಗೆ ಹೋದಳು. ದೊಡ್ಡಪ್ಪ ಮಗ್ಗದಲ್ಲಿ ದುಡಿಯುತ್ತಿದ್ದ. ಅವಳು ಅದೇ ಕಾರಖಾನೆಯ ಮೂಲೆಯಲ್ಲಿ ಕಂಡಿಕೆ ಸುತ್ತುವ ಯಂತ್ರದ ಮುಂದೆ ಮೂವತ್ತು ವರ್ಷ ಕೂತಳು. ಅಲ್ಲಿ ಕೂಗಿದರೂ ಕೇಳಿಸದು. ಹೀಗಾಗಿ ಕೆಲಸದವರೆಲ್ಲ ತುಟಿಯನ್ನು ಅಗಲಿಸಿ, ಕೈಸನ್ನೆ ಸೇರಿಸಿ, ದನಿಯಿಲ್ಲದೆಯೇ ಮಾತಾಡುತ್ತಾರೆ. ಹಿಂದೆ ಇಂಗ್ಲೆಂಡಿನ ಲ್ಯಾಂಕಾಷೈರ್ ಗಿರಣಿಗಳ ಹೆಂಗಸರೂ ಹೀಗೇ ಮಾತಾಡುತ್ತಿದ್ದರಂತೆ. ದೊಡ್ಡವ್ವ ಕನ್ನಡವನ್ನು ತವರಿನಲ್ಲಿ ಕಿವಿಯಿಂದ ಕಲಿತಳು, ಮರಾಠಿಯನ್ನು ಮಗ್ಗದ ಮನೆಯಲ್ಲಿ ಕಣ್ಣಿನಿಂದ ಕಲಿತಳು. ಕೊನೆಗೆ ಕಿವಿ ಪೂರ್ತಿ ಹೋದಾಗ ಕನ್ನಡವನ್ನೂ ಕಣ್ಣಿಗೇ ಒಪ್ಪಿಸಿದಳು. ನಾವು ಮಕ್ಕಳು ಅವಳೆದುರು ಗುಟ್ಟು ಮಾತಾಡಲು ಆಗುತ್ತಿರಲಿಲ್ಲ. ಅಂಗಳದ ಆಚೆ ಪಿಸುಗುಟ್ಟಿದ್ದನ್ನೂ ಅವಳು ಒಳಗಿನಿಂದ ಓದುತ್ತಿದ್ದಳು. ಇಚಲಕರಂಜಿಯಲ್ಲಿ ಹೈಸ್ಕೂಲು ಓದಿದ ಮೂರು ವರ್ಷ ನಾನು ಅವಳ ಮನೆಯಲ್ಲೇ ಉಂಡವನು.

2020ರ ಮಾರ್ಚಿನಲ್ಲಿ ಮಗ್ಗಗಳು ನಿಂತವು. ಜೀವಮಾನದಲ್ಲಿ ಮೊದಲ ಬಾರಿ ಊರು ಮೌನವಾಗಿತ್ತು ಎಂದು ಅಣ್ಣ, ಅಂದರೆ ದೊಡ್ಡವ್ವನ ಮಗ, ಫೋನಿನಲ್ಲಿ ಹೇಳಿದ. ಆ ಮೌನ ದೊಡ್ಡವ್ವನಿಗೆ ಗೊತ್ತಾಗಿದ್ದು ನೆಲ ನಡುಗುವುದು ನಿಂತದ್ದರಿಂದ. ಅವಳು ಹಳೆಯ ಪಾಪ್ಲಿನ್ ತುಂಡುಗಳನ್ನು ಕುದಿಸಿ ಒಣಗಿಸಿ ಮೂರು ಪದರ ಕತ್ತರಿಸಿದಳು, ಅತ್ತಿಗೆ ಹೊಲಿದಳು. ಓಣಿಗೆಲ್ಲ ಹಂಚಿ ನನಗೂ ಆರು ಕಳಿಸಿದಳು. ಬಟ್ಟೆಯ ಊರಿನ ಹೆಂಗಸು, ಬಟ್ಟೆಯ ಬೆಲೆ ಬಲ್ಲವಳು. ಆದರೆ ಊರೆಲ್ಲ ಬಾಯಿ ಮುಚ್ಚಿಕೊಂಡಾಗ ನಿಜಕ್ಕೂ ಕಿವುಡಿಯಾದವಳು ಅವಳೊಬ್ಬಳೇ. ತರಕಾರಿಯವನ ಮಾತಿಲ್ಲ, ನೆರೆಯವರ ಮಾತಿಲ್ಲ. ಫೋನಂತೂ ಅವಳಿಗೆ ಯಾವಾಗಲೂ ಕಲ್ಲು. ಒಂದು ವರ್ಷದಲ್ಲಿ ಅವಳು ತುಂಬ ಸುಮ್ಮನಾದಳು ಎಂದು ಅಣ್ಣ ಹೇಳುತ್ತಿದ್ದ. ವಯಸ್ಸು ಎಂದುಕೊಂಡೆವು.

ಈ ನಡುವೆ ಗಡಿ ಮುಚ್ಚಿತು. 2020ರ ಮಾರ್ಚಿನಲ್ಲಿ ತಲಪಾಡಿಯ ರಸ್ತೆಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗೆ ಹೋಗುವ ರೋಗಿಗಳನ್ನು ತಡೆದ ದಿನಗಳನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ಗಡಿಯ ಸಂಕಟವೇ ಬೇರೆ ಬಗೆಯದು. ಕೊಲ್ಹಾಪುರವೂ ಗಡಹಿಂಗ್ಲಜವೂ ಒಂದೇ ಜಿಲ್ಲೆ. ಆದರೆ ಹೆದ್ದಾರಿ ಹಿಡಿದರೆ ಕಾಗಲ ದಾಟಿದೊಡನೆ ಕೊಗನೊಳ್ಳಿಯಲ್ಲಿ ಕರ್ನಾಟಕ ಬರುತ್ತದೆ. ನಿಪ್ಪಾಣಿ, ಸಂಕೇಶ್ವರ ಹಾದು ಮತ್ತೆ ಮಹಾರಾಷ್ಟ್ರಕ್ಕೆ ಕಾಲಿಡಬೇಕು. ಸ್ವಂತ ಜಿಲ್ಲೆಯ ತಾಯಿಮನೆಗೆ ಪರರಾಜ್ಯದ ಮೂಲಕ ದಾರಿ. 2021ರ ಫೆಬ್ರವರಿಯಲ್ಲಿ ಕೇರಳ ಮತ್ತು ಮಹಾರಾಷ್ಟ್ರಗಳಿಂದ ಬರುವವರು 72 ತಾಸಿನೊಳಗಿನ ಆರ್‌ಟಿ-ಪಿಸಿಆರ್ ಚೀಟಿ ತೋರಿಸಬೇಕೆಂದು ಕರ್ನಾಟಕ ಹೇಳಿತು. ನಿಮ್ಮ ತಲಪಾಡಿಗೂ ನಮ್ಮ ಕೊಗನೊಳ್ಳಿಗೂ ಒಂದೇ ಕಾನೂನು ಬಂತು. ಒಳದಾರಿಗಳು ಇದ್ದವು, ಆದರೆ ವಾಹನ ಬೇಕು, ಧೈರ್ಯ ಬೇಕು.

ಆ ವರ್ಷದ ಮಾರ್ಚ್ ಕೊನೆಗೆ ಅವ್ವ ಹಿತ್ತಿಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಗಡಹಿಂಗ್ಲಜದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ನಾನು ಸುತ್ತುದಾರಿಯಲ್ಲಿ ಹೋಗಿ ನಾಲ್ಕು ದಿನ ಇದ್ದು ಬಂದೆ. "ಅಕ್ಕಗ ನೀನ ಹೋಗಿ ಹೇಳಿ ಬಾ. ಮಂದಿ ಬಾಯಿಂದ ತಿಳದ್ರ ಎದಿ ಒಡಕೊಂತಾಳ" ಎಂದಳು ಅವ್ವ. ಏಪ್ರಿಲ್ ಮೊದಲ ರವಿವಾರ ನಾನು ಇಚಲಕರಂಜಿಗೆ ಹೋದೆ. ಎರಡನೆಯ ಅಲೆ ಏರುತ್ತಿತ್ತು, ಬೀದಿಯಲ್ಲಿ ಮಾಸ್ಕ್ ಇಲ್ಲದವರಿಗೆ 500 ರೂಪಾಯಿ ದಂಡವಿತ್ತು. ದೊಡ್ಡವ್ವನೇ ಕಳಿಸಿದ ನೀಲಿ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದು ಕಟ್ಟಿದ್ದೆ.

ಅಣ್ಣ ಕಾರಖಾನೆಗೆ ಹೋಗಿದ್ದ, ಅತ್ತಿಗೆ ನೀರಿಗೆ. ಒಂದೇ ಕೋಣೆಯ ಮನೆ. ಬಿಸಿಲಿಗೆಂದು ಕಿಟಕಿ ಮುಚ್ಚಿತ್ತು. ದೊಡ್ಡವ್ವ ನನ್ನನ್ನು ನೋಡಿ ಎದ್ದು ನಿಂತಳು. ನಾನು ಹೊಸ್ತಿಲಲ್ಲೇ ನಿಂತು, ಅವ್ವ ಬಿದ್ದಿದ್ದಾಳೆ, ಈಗ ಚೆನ್ನಾಗಿದ್ದಾಳೆ ಎಂದು ಹೇಳತೊಡಗಿದೆ. ಅವಳಿಗೆ ನನ್ನ ತುಟಿ ಕಾಣಲಿಲ್ಲ. ಕಂಡದ್ದು ನನ್ನ ಕಣ್ಣು ಮಾತ್ರ. ನಾಲ್ಕು ರಾತ್ರಿ ಆಸ್ಪತ್ರೆಯಲ್ಲಿ ನಿದ್ದೆಗೆಟ್ಟ ಕಣ್ಣು. ಅವ್ವನ ಹೆಸರೆತ್ತಿದೊಡನೆ ಅದರಲ್ಲಿ ನೀರೂ ಬಂದಿರಬೇಕು. ಅಷ್ಟರಿಂದಲೇ ಅವಳು ಎಲ್ಲ ಓದಿಬಿಟ್ಟಳು, ತಪ್ಪಾಗಿ ಓದಿದಳು. "ಹೋದಳೇನೋ ತಮ್ಮಾ? ನನ್ನ ತಂಗಿ ಹೋದಳೇನು?" ಎಂದು ನೆಲಕ್ಕೆ ಕುಸಿದಳು. ನಾನು ಇಲ್ಲ ಇಲ್ಲ ಎಂದು ತಲೆಯಾಡಿಸಿದೆ. ಅವಳು ಕಣ್ಣು ಮುಚ್ಚಿಕೊಂಡು ಎದೆ ಬಡಿದುಕೊಳ್ಳುತ್ತಿದ್ದಳು. ಹತ್ತಿರ ಹೋಗಿ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದೆತ್ತಿ, ಮಾಸ್ಕ್ ಕಿತ್ತು ಕೂಗಿದೆ: "ದೊಡ್ಡವ್ವಾ, ಅವ್ವ ಅದಾಳ! ಬಿದ್ದಾಳ ಅಷ್ಟ. ಅದಾಳ!"

ಅವಳು ನನ್ನ ತುಟಿ ನೋಡಿದಳು. ಇನ್ನೊಮ್ಮೆ ಹೇಳು ಎಂದು ಸನ್ನೆ ಮಾಡಿದಳು. ಇನ್ನೊಮ್ಮೆ ಹೇಳಿದೆ. ಸೆರಗಿನಿಂದ ಮುಖ ಒರೆಸಿಕೊಂಡು, "ಹಿಂಗ ಮಾರಿ ಕಂಡ್ರ ನನಗ ತಿಳೀತೈತೆಪ್ಪಾ. ಬಟ್ಟಿ ಕಟಗೊಂಡು ಏನ ಹೇಳ್ತಿ?" ಎಂದಳು. ಆಮೇಲೆ ಚಹಾ ಮಾಡಿದಳು. ಒಂದು ವರ್ಷ ಯಾರ ಮಾತೂ ಕಾಣದೆ ಕೂತಿದ್ದವಳಿಗೆ ಆ ದಿನ ಎಷ್ಟು ಕೇಳಿದರೂ ಸಾಲದು. ಅವ್ವ ಏನು ಉಂಡಳು, ಡಾಕ್ಟರು ಏನೆಂದರು, ಕಬ್ಬು ಕಾರ್ಖಾನೆಗೆ ಹೋಯಿತೇ, ನನ್ನ ಮಗಳು ಎಷ್ಟನೇ ಕ್ಲಾಸು. ಒಂದು ತಾಸಿನ ಮೇಲೆಯೇ ಮಾತಾಡಿದೆವು. ಎದುರುಬದುರು, ಮೊಣಕಾಲಿಗೆ ಮೊಣಕಾಲು ತಾಕುವಷ್ಟು ಹತ್ತಿರ. ಮಾಸ್ಕ್ ನನ್ನ ಗದ್ದದ ಕೆಳಗೆ ಇತ್ತು.

ಎರಡನೆಯ ದಿನ ರಾತ್ರಿ ನನಗೆ ಜ್ವರ ಬಂತು, ಗುರುವಾರ ತಪಾಸಣೆಯ ವರದಿ ಬಂತು. ಅಣ್ಣನಿಗೆ ಫೋನು ಮಾಡಿದೆ. ದೊಡ್ಡವ್ವನಿಗೆ ಐದನೆಯ ದಿನ ಕೆಮ್ಮು ಶುರುವಾಯಿತು. 60 ದಾಟಿದವರಿಗೆ ಮಾರ್ಚ್ 1ರಿಂದಲೇ ಲಸಿಕೆ ಬಂದಿತ್ತು. ಬಿಸಿಲು ಇಳಿಯಲಿ ಎಂದು ಅವಳು ಮುಂದೆ ಹಾಕಿದ್ದಳು. ನನಗೆ ಹತ್ತು ದಿನದಲ್ಲಿ ವಾಸಿಯಾಯಿತು. ಅವಳು ಆಸ್ಪತ್ರೆ ಸೇರಿದ ಹನ್ನೆರಡನೆಯ ದಿನ ಹೋದಳು. ಅಲ್ಲಿ ಡಾಕ್ಟರು, ನರ್ಸು, ಆಯಾ, ಎಲ್ಲರೂ ಅಡಿಯಿಂದ ಮುಡಿಯ ತನಕ ಮುಚ್ಚಿಕೊಂಡವರು. ಮುಚ್ಚಿಕೊಳ್ಳದೆ ಅವರಿಗೂ ಗತ್ಯಂತರವಿರಲಿಲ್ಲ. ಆ ಹನ್ನೆರಡು ದಿನ ಅವಳಿಗೆ ಒಂದು ಮಾತಾದರೂ ಕಂಡಿತ್ತೋ ಇಲ್ಲವೋ ಎನ್ನುವುದು ನನ್ನನ್ನು ಈಗಲೂ ನಡುರಾತ್ರಿ ಎಬ್ಬಿಸುತ್ತದೆ.

ಬೇನೆ ನನ್ನಿಂದಲೇ ಹೋಯಿತೋ? ಅಣ್ಣ ದಿನವೂ ಕಾರಖಾನೆಗೆ ಹೋಗುತ್ತಿದ್ದ, ಅತ್ತಿಗೆ ನಲ್ಲಿಯ ಸಾಲಿನಲ್ಲಿ ನಿಲ್ಲುತ್ತಿದ್ದಳು. "ಎಲ್ಲಿಂದ ಬಂತೋ ಯಾರು ಬಲ್ಲರು" ಎಂದು ಅಣ್ಣ ಒಮ್ಮೆ ಮಾತ್ರ ಹೇಳಿದ, ಮತ್ತೆ ಆ ಮಾತೆತ್ತಲಿಲ್ಲ. ಲೆಕ್ಕ ತಾಳೆಯಾಗದಿದ್ದರೆ ತಾಳೆಯಾಗುವ ತನಕ ಏಳದಿರುವುದು ನನ್ನ ವೃತ್ತಿಯ ಗುಣ. ಈ ಲೆಕ್ಕ ತಾಳೆಯಾಗುವುದಿಲ್ಲ.

ಆದರೂ ಇಷ್ಟು ವರ್ಷ ಓದಿ, ಯೋಚಿಸಿ, ಒಂದು ಮಾತು ನನಗೆ ಸ್ಪಷ್ಟವಾಗಿದೆ. ಜ್ವರ ಕಾಣಿಸಿಕೊಳ್ಳುವ ಒಂದೆರಡು ದಿನ ಮೊದಲೇ ಈ ಬೇನೆ ಇನ್ನೊಬ್ಬರಿಗೆ ದಾಟಬಲ್ಲದು. ಬಟ್ಟೆಯ ಮಾಸ್ಕ್ ಮುಖ್ಯವಾಗಿ ನಮ್ಮನ್ನಲ್ಲ, ಎದುರಿನವರನ್ನು ನಮ್ಮಿಂದ ಕಾಯುತ್ತದೆ. ಮುಚ್ಚಿದ ಕೋಣೆಯಲ್ಲಿ, ಹತ್ತಿರ ಕೂತು, ಗಟ್ಟಿಯಾಗಿ, ಬಹಳ ಹೊತ್ತು ಮಾತಾಡಿದಷ್ಟೂ ಉಸಿರಿನ ಕಣ ಹೆಚ್ಚು. ಕಿವುಡರೊಡನೆ ನಾವೆಲ್ಲರೂ ಹಾಗೆಯೇ ಮಾತಾಡುತ್ತೇವೆ. ಮಾಸ್ಕಿನಿಂದ ಎಷ್ಟು ಪ್ರಯೋಜನ ಎಂದು ಪಂಡಿತರಲ್ಲಿ ಇನ್ನೂ ವಾದವಿದೆ. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನರ ನಡುವೆ ನಡೆದು, 2021ರ ಕೊನೆಗೆ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಶಸ್ತ್ರಚಿಕಿತ್ಸೆಯ ಮಾಸ್ಕ್ ಹಂಚಿ ತಿಳಿಹೇಳಿದ ಹಳ್ಳಿಗಳಲ್ಲಿ ಬೇನೆ ಒಟ್ಟಾರೆ ಸುಮಾರು ಶೇಕಡಾ 11ರಷ್ಟು ಕಡಿಮೆಯಾಯಿತು; 60 ದಾಟಿದವರಲ್ಲಿ ಶೇಕಡಾ 35ರಷ್ಟು. ಬಟ್ಟೆಯ ಮಾಸ್ಕಿನಲ್ಲಿ ಅಷ್ಟು ಸ್ಪಷ್ಟ ಫಲ ಕಾಣಲಿಲ್ಲ. ಅದು ಉಕ್ಕಿನ ಗೋಡೆಯಲ್ಲ. ಆದರೆ ಮುದುಕರ ಎದುರಿಗೆ ಅಷ್ಟಾದರೂ ಗೋಡೆ ಬೇಕು.

ಹಾಗಾದರೆ ಆ ದಿನ ನಾನು ಮಾಸ್ಕ್ ತೆಗೆಯಬಾರದಿತ್ತೇ? ತಂಗಿ ಸತ್ತಳೆಂದು ನೆಲಕ್ಕೆ ಕುಸಿದವಳ ಮುಂದೆ ನಿಯಮ ಪಾಲಿಸುತ್ತ ನಿಲ್ಲುವವನು ಯಾವ ಮಗ? ತೆಗೆದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. "ಅದಾಳ" ಎನ್ನುವ ಆ ಒಂದು ಮಾತು ಅವಳಿಗೆ ಕಾಣಲೇಬೇಕಿತ್ತು. ತಪ್ಪು ಅದರ ಮುಂದಿನ ತಾಸಿನಲ್ಲಿದೆ. ಕಿಟಕಿ ತೆರೆಯಬಹುದಿತ್ತು. ಕಟ್ಟೆಯ ಮೇಲೆ ಬಂದು, ಅವಳು ಆ ತುದಿ, ನಾನು ಈ ತುದಿ ಕೂರಬಹುದಿತ್ತು. ಅಂಗಳದಾಚೆಯ ತುಟಿಯನ್ನೂ ಓದುವ ಕಣ್ಣು ಅವಳದು. ಮತ್ತೆ ಮಾಸ್ಕ್ ಕಟ್ಟಿ, ಉಳಿದದ್ದನ್ನು ಹಾಳೆಯ ಮೇಲೆ ಬರೆದು ತೋರಿಸಬಹುದಿತ್ತು. ಅವಳಿಗೆ ಕನ್ನಡ ಓದಲು ಬರುತ್ತಿತ್ತು. ದಿನವಿಡೀ ಬರೆಯುವುದೇ ಕಸುಬಾದ ನನ್ನ ಕಿಸೆಯಲ್ಲಿ ಪೆನ್ನೂ ಇತ್ತು. ಇದಾವುದೂ ನನಗೆ ಹೊಳೆಯಲಿಲ್ಲ.

ನನ್ನೊಬ್ಬನಿಗೇ ಅಲ್ಲ, ಯಾರಿಗೂ ಹೊಳೆಯಲಿಲ್ಲ ಎನ್ನುವುದೂ ನಿಜ. ತುಟಿಯ ಜಾಗದಲ್ಲಿ ಪಾರದರ್ಶಕ ಹಾಳೆ ಹೊಲಿದ ಮಾಸ್ಕುಗಳನ್ನು 2020ರಲ್ಲೇ ಕೆಲವು ಕಡೆ ಕಿವುಡರಿಗಾಗಿ ಮಾಡಿದ್ದರು. ಸಾವಿರಾರು ಜನ ಕಣ್ಣಿನಿಂದ ಕೇಳುವ ಬಟ್ಟೆಯ ಊರಿನಲ್ಲಿ ನಾನು ಅಂಥ ಒಂದನ್ನೂ ನೋಡಲಿಲ್ಲ. ಮುಂದೆ ಎಂದಾದರೂ ಇಂಥ ದಿನ ಬಂದರೆ, ಮಾಸ್ಕ್ ಕಟ್ಟಿರಿ ಎಂದು ಹೇಳುವವರು, ಮನೆಯ ಕಿವುಡ ಹಿರಿಯರೊಡನೆ ಹೇಗೆ ಮಾತಾಡಬೇಕು ಎನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಲಿ. ಅವರು ಹೇಳದಿದ್ದರೆ ನೀವಾದರೂ ನೆನಪಿಟ್ಟುಕೊಳ್ಳಿ.

2022ರ ಯುಗಾದಿಯ ದಿನ, ಏಪ್ರಿಲ್ 2ರಂದು, ಮಹಾರಾಷ್ಟ್ರದಲ್ಲಿ ಮಾಸ್ಕಿನ ಕಡ್ಡಾಯ ಹೋಯಿತು. ನಮ್ಮ ಬಾಗಿಲಿನ ಕಾಗದವನ್ನು ಕಾವಲುಗಾರ ಹರಿದು ತೆಗೆದ. ಹಳೆಯ ಫಲಕ ಈಗಲೂ ಇದೆ.

ಅವ್ವ ಕೋಲು ಹಿಡಿದು ಓಡಾಡುತ್ತಾಳೆ. "ಅಕ್ಕ ಕಡೀಗೆ ಏನಂದಳು?" ಎಂದು ಕೇಳಿದಾಗ, ನಿನ್ನನ್ನೇ ಕೇಳುತ್ತಿದ್ದಳು, ಒಂದು ತಾಸು ನಿನ್ನ ಮಾತೇ ಆಡಿದೆವು ಎಂದು ಹೇಳಿದ್ದೇನೆ. ಅದು ನಿಜವೇ. ಮಾಸ್ಕಿನ ಮಾತು ಮಾತ್ರ ಹೇಳಿಲ್ಲ. ತವರಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದಿದವಳು ಅವಳು. ನಮ್ಮ ಕಡೆ ಕನ್ನಡದ ಕಾಗದ ಸಿಗುವುದೇ ಅಪರೂಪವಾದ್ದರಿಂದ ಸಿಕ್ಕಿದ್ದನ್ನೆಲ್ಲ ಬೆರಳಿಟ್ಟು ಓದುತ್ತಾಳೆ. ಹೋಟೆಲಿನವರು ಈ ಸಂಚಿಕೆಯ ಎರಡು ಪ್ರತಿ ತರಿಸಿಕೊಡುತ್ತೇನೆ ಎಂದಿದ್ದಾರೆ. ಒಂದನ್ನು ಊರಿಗೆ ಒಯ್ಯುತ್ತೇನೆ. ಬಾಯಿಂದ ಹೇಳಲಾಗದ್ದನ್ನು ಅವಳು ಓದಲಿ. ಓದಿ ಮುಗಿಸುವ ತನಕ ನಾನು ಎದುರಿಗೇ ಕೂತಿರುತ್ತೇನೆ.